ಕಂಬಗಳ ನಡುವೆ ಕೂತ ಭಾನುವಾರಗಳು

ಕಳೆದ ತಿಂಗಳು ಕೃಷ್ಣಗಿರಿಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಪಕ್ಕ ಯಾರೋ ಅಂಗಡಿ ಕಟ್ಟಿಸಲು ಶುರು ಮಾಡಿದರು. ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದು ನಡೆಯುವಾಗ ಹಸಿ ನೀಲಗಿರಿ ಕಂಬದ ವಾಸನೆಯೂ ಸೆಂಟ್ರಿಂಗ್ ಹಲಗೆಗೆ ಬಳಿದ ಹಳೆಯ ಇಂಜಿನ್ ಆಯಿಲಿನ ವಾಸನೆಯೂ ಒಟ್ಟಿಗೆ ಬಂದವು. ನಾನು ತಕ್ಷಣ ಬೆನ್ನು ನೆಟ್ಟಗೆ ಮಾಡಿ, ಮೊಣಕೈಗಳನ್ನು ಮೈಗೆ ಒತ್ತಿಕೊಂಡು ನಡೆಯತೊಡಗಿದೆ. ಜೊತೆಯಲ್ಲಿದ್ದ ಸಹೋದ್ಯೋಗಿ ಬೆನ್ನು ನೋವೇ ಎಂದು ಕೇಳಿದರು. ಹೌದು ಎಂದೆ. ನಿಜ ಹೇಳಲು ಹೊರಟರೆ ಮೊದಲ ಪೀರಿಯಡ್ಡು ಹೋಗುತ್ತಿತ್ತು.

ಅದು ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹೊಸೂರಿನ ಪಕ್ಕದ ಮತ್ತಿಗಿರಿಯ ಮನೆಗೆ ಬಂದು ಕೂತಿದ್ದ ವರ್ಷ. ಕೂತಿದ್ದಕ್ಕೆ ಕಾರಣಗಳಿದ್ದವು. ನಮ್ಮ ಬೀದಿಯವರಿಗೆ ಅವು ಆಗಲೇ ಬೇಕಾದ್ದಕ್ಕಿಂತ ಹೆಚ್ಚು ಗೊತ್ತಿದ್ದುದರಿಂದ ಇಲ್ಲಿ ಮತ್ತೆ ಹೇಳುವುದಿಲ್ಲ. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಎಸ್ತರಮ್ಮ. ಎರಡು ಬೀದಿ ಆಚೆ ನಮ್ಮ ಚರ್ಚು. ಆ ಚರ್ಚಿಗೆ ಪಾದ್ರಿ ಅಯ್ಯನವರು ಇದ್ದರು, ಕಮಿಟಿ ಇತ್ತು, ಆದರೂ ಅದು ನಡೆಯುತ್ತಿದ್ದುದು ನಮ್ಮ ಅಜ್ಜಿಯ ಮಾತಿನ ಮೇಲೆ. ಇದು ಅಯ್ಯನವರಿಗೂ ಗೊತ್ತಿತ್ತು, ಕಮಿಟಿಗೂ ಗೊತ್ತಿತ್ತು. ಅಜ್ಜಿ ಮಾತ್ರ ತನಗೆ ಗೊತ್ತಿಲ್ಲದವಳ ಹಾಗೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು.

ಚರ್ಚು ಶುರುವಾದದ್ದು ನಮ್ಮ ಮನೆಯ ಜಗುಲಿಯಲ್ಲಿ. ಫ್ಯಾಕ್ಟರಿ ಕೆಲಸಕ್ಕೆಂದು ಹೊಸೂರಿಗೆ ಬಂದವರಲ್ಲಿ ಏಳೆಂಟು ಮನೆಯವರು ಭಾನುವಾರ ಅಲ್ಲಿ ಕೂಡುತ್ತಿದ್ದರಂತೆ. ಜಗುಲಿ ಸಾಲದಾದಾಗ ಅಜ್ಜಿ ನಮ್ಮ ಹಿಪ್ಪುನೇರಳೆ ತೋಟದ ಮೂಲೆಯಲ್ಲಿದ್ದ, ರೇಷ್ಮೆ ಹುಳು ಸಾಕುವ ಮನೆಯನ್ನು ಬಿಟ್ಟುಕೊಟ್ಟಳು. ಹುಳುಗಳಿಗೆ ಗದ್ದಲ ಆಗದು, ಭಕ್ತರಿಗೆ ಗದ್ದಲವಿಲ್ಲದೆ ಆಗದು, ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು ಎಂದು ಅಪ್ಪ ಹೇಳುತ್ತಾರೆ. ಆಮೇಲೆ ಕಟ್ಟಡ ಬೆಳೆದದ್ದು ಅಜ್ಜಿಯ ಒಂದು ನಿಯಮದ ಮೇಲೆ: ಯಾರಾದರೂ ಎರಡು ಭಾನುವಾರ ಬಿಸಿಲಲ್ಲಿ ಕೂತರೆ, ಮೂರನೆಯ ಭಾನುವಾರದೊಳಗೆ ಅವರ ತಲೆಯ ಮೇಲೆ ಒಂದು ತಗಡು ಬರಬೇಕು. ವೆಲ್ಡರು, ಫಿಟ್ಟರು, ಪೇಂಟರುಗಳೇ ತುಂಬಿದ ಸಭೆಗೆ ಅದೇನು ಕಷ್ಟವಲ್ಲ. ಹಾಗಾಗಿ ಪೂರ್ವಕ್ಕೆ ಒಂದು ಚಾಚು, ರಸ್ತೆಯ ಕಡೆಗೆ ಇನ್ನೊಂದು, ಹಿಂದೆ ಬೇವಿನ ಮರವನ್ನು ಸುತ್ತಿಕೊಂಡು ಮತ್ತೊಂದು. ಮೇಲಿಂದ ನೋಡಿದರೆ ಅದು ಯಾವ ಆಕಾರವಾಗಿ ಕಾಣುತ್ತಿತ್ತೋ, ಲೆಕ್ಕ ಓದಿದ ನಾನೂ ಹೇಳಲಾರೆ. ಹೊಸಬರು ಬಾಗಿಲು ಹುಡುಕುತ್ತಾ ಒಂದು ಸುತ್ತು ಬರುವುದು ಮಾಮೂಲಾಗಿತ್ತು.

ಅಯ್ಯನವರು ತಮಿಳಿನಲ್ಲಿ ಪ್ರಸಂಗ ಮಾಡುತ್ತಿದ್ದರು. ಪಕ್ಕದಲ್ಲಿ ನಿಂತು ಸ್ಯಾಮುವೇಲಣ್ಣ ವಾಕ್ಯಕ್ಕೆ ವಾಕ್ಯ ಕನ್ನಡ ಮಾಡುತ್ತಿದ್ದರು. ತೆಲುಗಿನವರು ಎರಡರಲ್ಲಿ ಯಾವುದು ಅನುಕೂಲವೋ ಅದನ್ನು ತೆಗೆದುಕೊಳ್ಳುತ್ತಿದ್ದರು. ಸ್ಯಾಮುವೇಲಣ್ಣ ಪ್ರೆಸ್ ಶಾಪಿನಲ್ಲಿ ಸೂಪರ್‌ವೈಸರ್; ಕಮಿಟಿಗೂ ಅವರೇ ಮುಖ್ಯಸ್ಥರು. ಇಡೀ ದಿನ ಮೆಷೀನಿನ ಸದ್ದನ್ನು ಮೀರಿ ಕೂಗಿ ಅಭ್ಯಾಸವಾಗಿದ್ದರಿಂದ, ಅಯ್ಯನವರು ಮೆಲ್ಲಗೆ ಹೇಳಿದ ಸಮಾಧಾನದ ಮಾತೂ ಕನ್ನಡಕ್ಕೆ ಬರುವಾಗ ಎಚ್ಚರಿಕೆಯಾಗಿಬಿಡುತ್ತಿತ್ತು. ನಾನು ಸಾಮಾನ್ಯವಾಗಿ ಬೇವಿನ ಮರದ ಹತ್ತಿರ, ಎಲ್ಲರಿಗಿಂತ ಹಿಂದೆ ಕೂರುತ್ತಿದ್ದೆ.

ಅಜ್ಜಿಯ ಇನ್ನೊಂದು ನಿಯಮ ತಗಡಿನದಕ್ಕಿಂತ ಬಿಗಿ. ಭಾನುವಾರ ಬೆಳಿಗ್ಗೆ ಆ ಬಾಗಿಲು ತೆರೆದಿರಬೇಕು. ಒಂದು ಭಾನುವಾರವೂ ತಪ್ಪಬಾರದು. ತಾತ ತೀರಿಕೊಂಡದ್ದು ಒಂದು ಶನಿವಾರ. ಮಾರನೆಯ ದಿನ ಆರಾಧನೆ ಮುಗಿದ ಮೇಲೇ ಮಣ್ಣು ಮಾಡಿದ್ದು. ಇದು ಬರಿಯ ಹಟವಾಗಿರಲಿಲ್ಲ. ಆಲಸನತ್ತಂನಲ್ಲಿ ಅಜ್ಜಿಯ ತಂಗಿಯ ಮನೆ ಹತ್ತಿರ ಇಂಥದೇ ಸಣ್ಣ ಸಭೆಯೊಂದಿತ್ತು. ಸುಣ್ಣ ಹೊಡೆಸಲೆಂದು ಅವರು ಒಂದು ಭಾನುವಾರ ಬೀಗ ಹಾಕಿದರು. ಬಂದವರು ಬೀಗ ನೋಡಿ ಮುಂದಿನ ಬೀದಿಯ ದೊಡ್ಡ ಚರ್ಚಿಗೆ ಹೋದರು. ಅಲ್ಲಿ ಫ್ಯಾನಿತ್ತು, ಕೀಬೋರ್ಡಿತ್ತು. ಸುಣ್ಣ ಒಣಗಿದ ಮೇಲೆ ತಿರುಗಿ ಬಂದವರು ಅಜ್ಜಿಯ ತಂಗಿ ಮತ್ತು ಅವಳ ಸೊಸೆ ಇಬ್ಬರೇ. ನಮ್ಮ ಚರ್ಚಿನಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ನಾಲ್ಕು ಚರ್ಚು ಸಿಗುತ್ತವೆ, ನಾಲ್ಕರಲ್ಲೂ ಮೈಕಿದೆ. ಈ ಲೆಕ್ಕ ಅಜ್ಜಿಯ ತಲೆಯಿಂದ ಯಾವತ್ತೂ ಇಳಿದಿರಲಿಲ್ಲ.

ಆದ್ದರಿಂದ ಪೊಂಗಲ್ ಕಳೆದು ಪಕ್ಕಾ ಕಟ್ಟಡದ ಮಾತು ಬಂದಾಗ, ಹಳೆಯದನ್ನು ಕೆಡವುವ ಮಾತನ್ನು ಯಾರೂ ಎತ್ತಲಿಲ್ಲ. ಸ್ಯಾಮುವೇಲಣ್ಣ ಒಂದು ಉಪಾಯ ಹೇಳಿದರು. ಬೇವಿನ ಮರದ ಕಡೆಯ ಚಾಚನ್ನಷ್ಟೇ ತೆಗೆದು, ಉಳಿದ ತಗಡಿನ ಶೆಡ್ಡನ್ನು ಮುಟ್ಟದೆ ಅದರ ಸುತ್ತ ಹೊಸ ಗೋಡೆ ಎಬ್ಬಿಸುವುದು. ಎಲ್ಲ ಮುಗಿದ ಮೇಲೆ ಒಂದು ಸೋಮವಾರ ಹಳೆಯದನ್ನು ಬಿಚ್ಚಿ, ಹೊಸ ಬಾಗಿಲಿನಿಂದ ಹೊತ್ತು ಹೊರಗೆ ಹಾಕುವುದು. ಕಮಿಟಿಯಲ್ಲಿದ್ದವರೆಲ್ಲ ಫ್ಯಾಕ್ಟರಿಯವರು. ಉತ್ಪಾದನೆ ನಿಲ್ಲಿಸದೆ ಶೆಡ್ ಬದಲಿಸುವುದು ಅವರು ಕಂಡಿದ್ದ ಕೆಲಸ. ಎಲ್ಲರೂ ಒಪ್ಪಿದರು. ಅಜ್ಜಿಯೂ ಒಪ್ಪಿದಳು. ಅಯ್ಯನವರು ಸ್ತೋತ್ರ ಹೇಳಿದರು.

ಕೆಲಸ ಹಿಡಿದದ್ದು ಮೇಸ್ತ್ರಿ ಮುನಿರಾಜಣ್ಣ. ಅಪ್ಪನ ಜೊತೆ ಶಾಲೆಗೆ ಹೋದವರು. ನಮ್ಮ ಬೀದಿಯ ಅರ್ಧ ಮನೆಗಳು ಅವರು ಕಟ್ಟಿದ್ದು. ಮಾರಮ್ಮನ ಹಬ್ಬದಲ್ಲಿ ಮುಂದೆ ನಿಲ್ಲುವವರು. ಗೋಡೆ ಆಳೆತ್ತರ ಬಂದ ದಿನ ಅದರ ಮೇಲೆ ನಾಲಗೆ ಚಾಚಿದ ದೃಷ್ಟಿ ಬೊಂಬೆಯೊಂದು ಕಾಣಿಸಿಕೊಂಡಿತು. ಅಯ್ಯನವರು ತೆಗೆಯಿರಿ ಎಂದರು. ತೆಗೆದರೆ ಆಳುಗಳು ಸಾರುವೆ ಹತ್ತುವುದಿಲ್ಲ ಎಂದರು ಮುನಿರಾಜಣ್ಣ. ಎರಡು ದಿನ ಕೆಲಸ ನಿಂತಿತು. ಕೊನೆಗೆ ಅಜ್ಜಿ ತೀರ್ಪು ಕೊಟ್ಟಳು: ಬೊಂಬೆ ಚರ್ಚಿನದಲ್ಲ, ಸಾರುವೆಯದು; ಸಾರುವೆ ಬಿಚ್ಚಿದ ದಿನ ಅದೂ ಹೋಗಬೇಕು. ಅಲ್ಲಿಯವರೆಗೆ ಅಯ್ಯನವರು ಅದು ಕಣ್ಣಿಗೆ ಬೀಳಬಾರದೆಂದು ರಸ್ತೆಯಿಂದ ಬಾಗಿಲಿನವರೆಗೆ ತಲೆ ತಗ್ಗಿಸಿಕೊಂಡೇ ಬಂದರು. ಸಭೆಯವರು ಅದನ್ನು ನಮ್ರತೆ ಎಂದುಕೊಂಡು ಇನ್ನಷ್ಟು ಗೌರವ ಕೊಟ್ಟರು.

ಬೇಸಿಗೆಯ ಹೊತ್ತಿಗೆ ನಮ್ಮದು ಚರ್ಚಿನೊಳಗೆ ಚರ್ಚಾಯಿತು. ಮೊದಲು ಹೊಸ ಬಾಗಿಲನ್ನು ದಾಟಬೇಕು, ನಾಲ್ಕು ಹೆಜ್ಜೆ ಆಕಾಶದ ಕೆಳಗೆ ನಡೆಯಬೇಕು, ಮತ್ತೆ ಹಳೆಯ ಬಾಗಿಲನ್ನು ದಾಟಬೇಕು. ತಡವಾಗಿ ಬಂದವರು ಎರಡೆರಡು ಸಲ ಸದ್ದು ಮಾಡಿ ಸಿಕ್ಕಿಬೀಳುತ್ತಿದ್ದರು. ಹೊಸ ಗೋಡೆ ಗಾಳಿಯನ್ನು ತಡೆದು, ತಗಡು ಬಿಸಿಲನ್ನು ಹಿಡಿದು, ಏಪ್ರಿಲಿನಲ್ಲಿ ಒಳಗೆ ಇಡ್ಲಿ ಬೇಯಿಸಬಹುದಾಗಿತ್ತು. ಆದರೂ ಜನ ಬಂದರು. ಒಂದು ಭಾನುವಾರವೂ ತಪ್ಪಲಿಲ್ಲ. ಸ್ಯಾಮುವೇಲಣ್ಣ ತಮ್ಮ ಉಪಾಯವನ್ನು ಫ್ಯಾಕ್ಟರಿಯಲ್ಲೂ ಹೇಳಿಕೊಂಡು ತಿರುಗುತ್ತಿದ್ದರು.

ಜೂನ್ ತಿಂಗಳಲ್ಲಿ ಗೋಡೆ ಮುಗಿಯಿತು. ಆಗ ಮುನಿರಾಜಣ್ಣ ಕಮಿಟಿಯನ್ನು ಕರೆದು, ಇನ್ನು ಶೆಡ್ಡನ್ನು ಬಿಚ್ಚಿ ಎಂದರು. ಸೂರಿಗೆ ಮೋಲ್ಡ್ ಹಾಕಬೇಕಾದರೆ ಕೆಳಗೆ ನೆಲದ ತುಂಬ ಕಂಬ ನಿಲ್ಲಿಸಬೇಕು, ಕಂಬದ ಮೇಲೆ ಹಲಗೆ, ಹಲಗೆಯ ಮೇಲೆ ಕಂಬಿ, ಅದರ ಮೇಲೆ ಕಾಂಕ್ರೀಟು. ಅದು ಗಟ್ಟಿಯಾಗುವ ತನಕ, ಅಂದರೆ ನಾಲ್ಕು ವಾರ, ಕಂಬಗಳು ಅಲ್ಲೇ ಇರುತ್ತವೆ. ಒಳಗೆ ಯಾರೂ ಕಾಲಿಡಬಾರದು. ಗೋಡೆಯನ್ನು ಹೇಗೆ ಸುತ್ತಬೇಕೆಂದು ಐದು ತಿಂಗಳು ಚರ್ಚಿಸಿದವರಲ್ಲಿ ಒಬ್ಬರಿಗೂ ಸೂರು ಯಾವುದರ ಮೇಲೆ ನಿಂತು ಒಣಗುತ್ತದೆ ಎಂಬ ಪ್ರಶ್ನೆ ಬಂದಿರಲಿಲ್ಲ. ಮೇಸ್ತ್ರಿಗೆ ಎಲ್ಲ ಗೊತ್ತು ಎಂದು ಕಮಿಟಿ ಸುಮ್ಮನಿತ್ತು. ಇಷ್ಟು ಜನ ಟೆಕ್ನಿಕಲ್‌ನವರಿದ್ದಾರೆ, ಇವರಿಗೇನು ಹೇಳುವುದು ಎಂದು ಮೇಸ್ತ್ರಿ ಸುಮ್ಮನಿದ್ದರು.

ಮುಂದೂಡುವ ಹಾಗೂ ಇರಲಿಲ್ಲ. ಇನ್ನೇನು ಆಷಾಢ, ಆಷಾಢದಲ್ಲಿ ಮೋಲ್ಡ್ ಹಾಕಲು ಮುನಿರಾಜಣ್ಣನ ಆಳುಗಳು ಬರುವುದಿಲ್ಲ. ಎಲ್ಲ ತಿಂಗಳೂ ದೇವರದೇ ಎಂದು ಅಯ್ಯನವರು ತಿಳಿಹೇಳಿದರು. ತಿಂಗಳು ದೇವರದೇ, ಆಳುಗಳು ನಮ್ಮವರು ಎಂದರು ಮುನಿರಾಜಣ್ಣ. ಶಾಲೆಯ ಹಾಲ್ ಕೇಳೋಣವೇ ಎಂದರು ಒಬ್ಬರು. ಅಂಗಳದಲ್ಲಿ ಕೂರೋಣವೇ ಎಂದರು ಇನ್ನೊಬ್ಬರು; ಅಂಗಳದ ತುಂಬ ಜಲ್ಲಿ, ಮರಳು. ಮತ್ತೆ ನಮ್ಮ ಮನೆಯ ಜಗುಲಿಗೇ ಹೋಗೋಣವೇ ಎಂದು ಸ್ಯಾಮುವೇಲಣ್ಣ ಕೇಳಿದಾಗ, ಇಷ್ಟು ವರ್ಷ ಹಿಂದಕ್ಕೆ ನಡೆಯಲು ತನಗೆ ಶಕ್ತಿಯಿಲ್ಲ ಎಂದಳು ಅಜ್ಜಿ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು.

“ಕಂಬಕ್ಕೂ ಕಂಬಕ್ಕೂ ಮಧ್ಯೆ ಎಷ್ಟು ಜಾಗ ಬಿಡ್ತೀಯಾ ಮುನಿರಾಜ?”

“ಎರಡೂವರೆ ಅಡಿ ಬತ್ತದೆ ಅಜ್ಜಿ.”

“ಒಬ್ಬ ಮನ್ಸ ಕೂರಾಕೆ ಅಷ್ಟು ಸಾಕು ಕಣ್ಲಾ.”

“ಕೂರಾದಲ್ಲಜ್ಜಿ ಕಷ್ಟ. ನಿಮ್ಮೋರು ಕೂರಾಕಿಲ್ವಲ್ಲ. ತಮಟೆ ಹೊಡೀತಾರೆ, ಚಪ್ಪಾಳೆ ತಟ್ತಾರೆ, ಎದ್ದು ಕುಣೀತಾರೆ. ಒಬ್ಬ ಒಂದ್ ಬೆಣೆ ಒದ್ಬುಟ್ರೆ ಮೇಲಿರೋದೆಲ್ಲ ತಲೆ ಮ್ಯಾಲೆ.”

“ಅಲ್ಲಾಡಾಕಿಲ್ಲ. ನಾನು ಮಾತ್ ಕೊಡ್ತೀನಿ.”

ಅಜ್ಜಿಯ ಮಾತಿನಲ್ಲಿ ಮುನಿರಾಜಣ್ಣನಿಗೆ ನಂಬಿಕೆಯಿತ್ತು, ಸಭೆಯವರಲ್ಲಿ ಇರಲಿಲ್ಲ. ಕೊನೆಗೆ ಒಪ್ಪಿದ್ದು ಷರತ್ತುಗಳ ಮೇಲೆ. ಮೋಲ್ಡ್ ಸೋಮವಾರ ಹಾಕುವುದು, ಭಾನುವಾರದ ಹೊತ್ತಿಗೆ ಅದು ಸ್ವಲ್ಪ ಬಿಗಿದುಕೊಂಡಿರುತ್ತದೆ. ಡ್ರಮ್ಮು ಬೇಡ, ಚಪ್ಪಾಳೆ ಬೇಡ, ಗಟ್ಟಿ ಸ್ವರ ಬೇಡ. ಕಂಬಕ್ಕೆ ಒರಗಬಾರದು, ಮೊಣಕೈ ಚಾಚಬಾರದು, ಮಕ್ಕಳು ತಾಯಂದಿರ ತೊಡೆಯ ಮೇಲೆ. ಇದನ್ನೆಲ್ಲ ನೋಡಿಕೊಳ್ಳಲು ಅವರೇ ಪ್ರತಿ ಭಾನುವಾರ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವುದು.

ಗಟ್ಟಿ ಸ್ವರ ಬೇಡ ಎಂದಾಗ ಎಲ್ಲರೂ ಸ್ಯಾಮುವೇಲಣ್ಣನನ್ನು ನೋಡಿದರು. ಅವರು ಮೆಲ್ಲಗೆ ಮಾತಾಡಿ ತೋರಿಸುತ್ತೇನೆ ಎಂದು ಒಂದು ವಾಕ್ಯ ಹೇಳಿದರು. ಹೊರಗೆ ಮಲಗಿದ್ದ ನಾಯಿ ಎದ್ದು ಹೋಯಿತು. ಆಮೇಲೆ ಅಜ್ಜಿ ನನ್ನ ಹೆಸರು ಹೇಳಿದಳು. ನನ್ನ ಮಾತು ಪಕ್ಕದ ಕೋಣೆಗೂ ಕೇಳಿಸುವುದಿಲ್ಲ ಎಂಬ ದೂರು ಮನೆಯಲ್ಲಿ ಹುಟ್ಟಿದಾಗಿನಿಂದ ಇತ್ತು. ಅದು ಒಂದು ಅರ್ಹತೆಯಾಗಬಹುದೆಂದು ನಾನು ಯೋಚಿಸಿರಲಿಲ್ಲ. ಜನರೆದುರು ನಿಲ್ಲುವುದು ನನಗಾಗದು ಎಂದೆ. ಕಂಬಗಳಿರುತ್ತವೆ, ನೀನು ಯಾರಿಗೂ ಕಾಣಿಸುವುದಿಲ್ಲ ಎಂದಳು ಅಜ್ಜಿ. ನಾನು ಒಪ್ಪಿದೆ.

ಸೋಮವಾರ ಶೆಡ್ಡನ್ನು ಬಿಚ್ಚಿದ್ದು ಅದನ್ನು ಬೆಸೆದವರೇ. ಕಂಬ, ಹಲಗೆ, ಕಂಬಿ ಹೊಂದಿಸಲು ವಾರ ಹಿಡಿಯಿತು. ಆ ಭಾನುವಾರ ಆರಾಧನೆಗೆ ಕೂತಾಗ ತಲೆಯ ಮೇಲೆ ಬರೀ ಹಲಗೆ, ಕಂಬಿ. ಮಾರನೆಯ ದಿನ ಕಾಂಕ್ರೀಟು ಬಿತ್ತು. ಅದರ ಮುಂದಿನ ಭಾನುವಾರ ಅಜ್ಜಿ ಎಲ್ಲರಿಗಿಂತ ಮೊದಲೇ ಬಾಗಿಲಲ್ಲಿ ನಿಂತು, ಬೀದಿಯ ತುದಿಯನ್ನೇ ನೋಡುತ್ತಿದ್ದಳು. ಸ್ಯಾಮುವೇಲಣ್ಣನ ಷಡ್ಡಕನ ಮನೆಯವರು ಕಟ್ಟಡ ಮುಗಿಯುವವರೆಗೆ ಮಾತ್ರ ಎಂದು ಬಸ್ ಸ್ಟ್ಯಾಂಡಿನ ಹತ್ತಿರದ ಚರ್ಚಿಗೆ ಹೋಗಿದ್ದರು. ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು.

ಬಂದವರು ಒಬ್ಬೊಬ್ಬರಾಗಿ ಕಂಬಗಳ ನಡುವೆ ನುಸುಳಿ ಕೂತರು. ಒಳಗೆ ಅರೆಗತ್ತಲು, ಹಸಿ ಮರದ ವಾಸನೆ. ಮೇಲೆ ಕಾಂಕ್ರೀಟಿಗೆ ಕಟ್ಟಿದ್ದ ನೀರು ಹಲಗೆಯ ಸಂದಿನಿಂದ, ಆಯಿಲನ್ನೂ ಜೊತೆಗೆ ಕರೆದುಕೊಂಡು, ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಭಾನುವಾರಕ್ಕೆಂದು ಬಿಳಿ ಸೀರೆ ಉಟ್ಟು ಬಂದವರೆಲ್ಲ ಮಧ್ಯಾಹ್ನ ಚುಕ್ಕಿ ಸೀರೆಯಲ್ಲಿ ಮನೆಗೆ ಹೋದರು. ಎರಡನೆಯ ವಾರದಿಂದ ಛತ್ರಿ ತಂದರು. ಛತ್ರಿಯ ಕಡ್ಡಿ ಕಂಬಕ್ಕೆ ತಗಲುತ್ತದೆ ಎಂದು ಮುನಿರಾಜಣ್ಣ ಅದನ್ನೂ ಮುಚ್ಚಿಸಿದರು.

ಹೆಚ್ಚು ಕಷ್ಟವಾದದ್ದು ಅಯ್ಯನವರಿಗೆ. ಅವರ ಪ್ರಸಂಗ ಅರ್ಧ ಬಾಯಲ್ಲಿ, ಅರ್ಧ ಕೈಯಲ್ಲಿ. ಮೊದಲ ಹತ್ತು ನಿಮಿಷದಲ್ಲೇ ಎರಡು ತೋಳನ್ನೂ ಆಕಾಶಕ್ಕೆ ಎತ್ತಲು ಹೋಗಿ ಬೆರಳ ಗಂಟನ್ನು ಕಂಬಕ್ಕೆ ಬಡಿದುಕೊಂಡರು.

“ಅಯ್ಯನೋರೆ, ಕೈ,” ಎಂದರು ಮುನಿರಾಜಣ್ಣ ಬಾಗಿಲಿನಿಂದ.

ಅಲ್ಲಿಂದ ಮುಂದೆ ಅಯ್ಯನವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾತಾಡಿದರು. ಕೈಯ ಪಾಲು ಕಳೆದುಹೋದದ್ದರಿಂದ ಪ್ರಸಂಗವೂ ಅರ್ಧಕ್ಕೆ ಇಳಿಯಿತು. ಇದು ಒಳ್ಳೆಯದೇ ಆಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಅವರ ಪಕ್ಕದ ಕಂಬದ ಹಿಂದೆ ನಿಂತು ಕನ್ನಡ ಮಾಡುತ್ತಿದ್ದೆ. ನನ್ನ ಮಾತು ಮೂರನೆಯ ಸಾಲಿನವರೆಗೆ ಹೋಗುತ್ತಿತ್ತು. ಅಲ್ಲಿಂದ ಅವರು ಹಿಂದಿನವರಿಗೆ, ಹಿಂದಿನವರು ಇನ್ನೂ ಹಿಂದಿನವರಿಗೆ ದಾಟಿಸುತ್ತಿದ್ದರು. ಕೊನೆಯ ಸಾಲಿನವರು ಆಮೆನ್ ಎನ್ನುವಾಗ ಅಯ್ಯನವರು ಮುಂದಿನ ವಿಷಯಕ್ಕೆ ಹೋಗಿರುತ್ತಿದ್ದರು. ಹಾಡುಗಳನ್ನು ಗುನುಗುತ್ತಿದ್ದೆವು. ಅಷ್ಟು ಜನ ಒಟ್ಟಿಗೆ ಗುನುಗಿದರೆ ಅದು ನೆಲದಿಂದ ಬಂದ ಹಾಗೆ ಕೇಳಿಸುತ್ತದೆ ಎಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಆ ಭಾನುವಾರಗಳಲ್ಲಿ ನನಗೆ ಚರ್ಚಿಗೆ ಹೋಗುವುದು ಇಷ್ಟವಾಗಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮೂರನೆಯ ವಾರ, ರಾತ್ರಿ ಶಿಫ್ಟು ಮುಗಿಸಿ ನೇರ ಬಂದಿದ್ದ ಒಬ್ಬರು ಪ್ರಾರ್ಥನೆಗೆ ಕಣ್ಣು ಮುಚ್ಚಿದವರು ಹಾಗೇ ನಿದ್ದೆ ಹೋಗಿ, ನಿಧಾನವಾಗಿ ಪಕ್ಕದ ಕಂಬದ ಕಡೆ ವಾಲತೊಡಗಿದರು. ಕಣ್ಣು ತೆರೆದಿದ್ದವರೆಲ್ಲ ಉಸಿರು ಹಿಡಿದೆವು. ಮುನಿರಾಜಣ್ಣ ಕುರ್ಚಿಯಿಂದೆದ್ದು, ಕಂಬಗಳ ನಡುವೆ ಒಂದಕ್ಕೂ ತಾಗದೆ ನಡೆದು ಬಂದು, ತಲೆಗೂ ಕಂಬಕ್ಕೂ ನಡುವೆ ತಮ್ಮ ಅಂಗೈ ಇಟ್ಟರು. ಎಬ್ಬಿಸುತ್ತಾರೆ ಎಂದುಕೊಂಡೆ, ಎಬ್ಬಿಸಲಿಲ್ಲ. ರಾತ್ರಿಯೆಲ್ಲ ದುಡಿದವನು ಎಂದು ಪ್ರಸಂಗ ಮುಗಿಯುವವರೆಗೂ ಹಾಗೇ ಕೈ ಒಡ್ಡಿ ನಿಂತಿದ್ದರು.

ಈ ಸುದ್ದಿ ಹೇಗೋ ಹಬ್ಬಿತು. ಕಾಡಿನೊಳಗೆ ಕೂತು ಪಿಸುಗುಟ್ಟುವ ಚರ್ಚು ಎಂದು ನೋಡಲು ಬೇರೆ ಸಭೆಗಳಿಂದಲೂ ಜನ ಬಂದರು. ಸ್ಯಾಮುವೇಲಣ್ಣನ ಷಡ್ಡಕನ ಮನೆಯವರು ನಾಲ್ಕನೆಯ ವಾರ ತಿರುಗಿ ಬಂದರು. ಅಲ್ಲಿ ಮೈಕಿನಿಂದ ಕಿವಿನೋವು ಎಂದು ಕಾರಣ ಕೊಟ್ಟರು. ಕಂಬಗಳ ನಡುವೆ ಜಾಗ ಸಾಲದೆ ಇಬ್ಬರು ಒಂದೇ ಸಂದಿನಲ್ಲಿ ಕೂತಾಗ ಮುನಿರಾಜಣ್ಣ ಅವರಲ್ಲಿ ಒಬ್ಬರನ್ನು ಮೆಟ್ಟಿಲಿಗೆ ಕಳಿಸಿದರು. ಅಜ್ಜಿ ಸೆರಗು ಸುತ್ತುವುದನ್ನು ಬಿಟ್ಟಳು.

ಆಮೇಲೆ ಒಂದು ಗುರುವಾರ ಬೆಣೆಗಳನ್ನು ಬಡಿದು ತೆಗೆದು ಕಂಬಗಳನ್ನು ಹೊತ್ತು ಹೊರಗೆ ಹಾಕಿದರು. ಮೋಲ್ಡ್ ನಿಂತಿತು. ದೃಷ್ಟಿ ಬೊಂಬೆಯೂ ಅದೇ ಲಾರಿಯಲ್ಲಿ ಹೋಯಿತು. ಶುಕ್ರವಾರ ಹೆಂಗಸರು ನೆಲ ತೊಳೆದರು. ಶನಿವಾರ ಅಜ್ಜಿಗೆ ಜ್ವರ ಬಂತು.

ಭಾನುವಾರ ಬೆಳಿಗ್ಗೆಯೂ ಅವಳಿಗೆ ತಲೆ ಎತ್ತಲು ಆಗಲಿಲ್ಲ. ನೀವೆಲ್ಲ ಹೋಗಿ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಆದರೆ ಹಿಂದಿನ ಸಂಜೆಯೇ ಕಮಿಟಿ ಬೇರೆ ತೀರ್ಮಾನ ಮಾಡಿತ್ತು. ಇಷ್ಟು ವರ್ಷ ಒಂದು ಭಾನುವಾರವೂ ತಪ್ಪಿಸದವಳನ್ನು ಬಿಟ್ಟು ಹೊಸ ಹಾಲಿನಲ್ಲಿ ಮೊದಲ ಆರಾಧನೆ ಮಾಡುವುದು ಹೇಗೆ? ಚರ್ಚೇ ಅವಳ ಹತ್ತಿರ ಬರಲಿ. ಸ್ಯಾಮುವೇಲಣ್ಣ ವಾಟ್ಸಾಪ್ ಗುಂಪಿಗೆ ಹಾಕಿದರು. ಒಂಬತ್ತೂವರೆಗೆ ನಮ್ಮ ಜಗುಲಿ ತುಂಬಿ, ಅಂಗಳ ತುಂಬಿ, ಜನ ಬೀದಿಯಲ್ಲಿ ನಿಂತಿದ್ದರು. ನಮಗೆಲ್ಲ ನಮ್ಮ ಬಗ್ಗೆಯೇ ಕಣ್ಣು ತುಂಬಿ ಬಂದಿತ್ತು.

ಎರಡನೆಯ ಹಾಡು ನಡೆಯುವಾಗ ಅಜ್ಜಿ ನನ್ನನ್ನು ಒಳಗೆ ಕರೆದಳು. ಅದೇನು ಸದ್ದು ಎಂದು ಕೇಳಿದಳು. ಎಲ್ಲರೂ ನಿನಗಾಗಿ ಇಲ್ಲಿಗೇ ಬಂದಿದ್ದಾರೆ ಎಂದೆ.

“ಎಲ್ರೂನಾ?”

“ಎಲ್ಲರೂ ಅಜ್ಜಿ.”

“ಮತ್ತೆ ಅಲ್ಲಿ?”

ಆ ಹೊತ್ತಿನವರೆಗೆ ಹೊರಗಿದ್ದವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ ಎಂದು ನನಗೆ ಖಾತ್ರಿಯಿದೆ. ಅಜ್ಜಿ ಎದ್ದು ಕೂತಳು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಹಾಡು ತಾನಾಗಿಯೇ ನಿಂತಿತು.

“ಕಟ್ಟಿ ಮುಗ್ಸಿದ ಮೊದಲ್ನೇ ಭಾನುವಾರಾನೇ ಬೀಗ ಹಾಕ್ಬುಟ್ರೇನ್ರಪ್ಪಾ?”

ಸ್ಯಾಮುವೇಲಣ್ಣ ಏನೋ ಹೇಳಲು ಹೋದರು. ಆಗ ಅವರ ಸ್ವರ ಮೊದಲ ಸಾಲಿಗೂ ಕೇಳಿಸಲಿಲ್ಲ. ಅಜ್ಜಿ ಶಾಲು ಹೊದ್ದು ಅಪ್ಪನ ಸ್ಕೂಟರಿನ ಹಿಂದೆ ಕೂತಳು. ಉಳಿದವರು ಬೈಬಲ್ ಚೀಲ, ಡ್ರಮ್ಮು, ಮಕ್ಕಳನ್ನು ಎತ್ತಿಕೊಂಡು ಹಿಂದೆಯೇ ಓಡಿದೆವು. ಎರಡು ಬೀದಿಯ ಜನ ಏನಾಯಿತೆಂದು ಬಾಗಿಲಿಗೆ ಬಂದು ನೋಡಿದರು.

ಚರ್ಚಿನ ಬಾಗಿಲು ಹಾರುಹೊಡೆದು ತೆರೆದಿತ್ತು. ಒಳಗೆ, ಬಾಗಿಲ ಹತ್ತಿರ, ಎಂದಿನ ಕುರ್ಚಿಯಲ್ಲಿ ಮುನಿರಾಜಣ್ಣ ಕೂತಿದ್ದರು. ಅವರು ವಾಟ್ಸಾಪ್ ಗುಂಪಿನಲ್ಲಿರಲಿಲ್ಲ. ಕಂಬ ಹೋದ ಮೇಲೆ ಅವರು ಬರಬೇಕಾಗಿಯೂ ಇರಲಿಲ್ಲ. ಭಾನುವಾರ ಬಂತೆಂದು ಕಾಲು ಇಲ್ಲಿಗೇ ಬಂತು, ಬೀಗದ ಕೈ ಇನ್ನೂ ತಮ್ಮ ಹತ್ತಿರವೇ ಇತ್ತು, ತೆರೆದೆ ಎಂದು ಆಮೇಲೆ ಹೇಳಿದರು. ಅಷ್ಟು ದೊಡ್ಡ ಖಾಲಿ ಹಾಲಿನ ನಡುವೆ ನಾವು ಯಾರೂ ಕಂಡಿರದ ಒಬ್ಬ ಗಂಡಸು, ಒಬ್ಬ ಹೆಂಗಸು ಕೂತಿದ್ದರು. ಇಬ್ಬರ ನಡುವೆ ಎರಡೂವರೆ ಅಡಿ ಜಾಗವಿತ್ತು. ಬೆನ್ನು ನೆಟ್ಟಗೆ, ಮೊಣಕೈ ಮೈಗೆ ಒತ್ತಿ, ತುಟಿ ಮುಚ್ಚಿ, ಎದುರಿನ ಗೋಡೆಯನ್ನು ನೋಡುತ್ತಿದ್ದರು.

ಡೆಂಕಣಿಕೋಟೆ ಕಡೆಯವರು, ಹೊಸೂರಿಗೆ ಬಂದು ವಾರವಾಗಿತ್ತು. ಚರ್ಚು ಹುಡುಕುತ್ತಾ ಬರುವಾಗ ಇಲ್ಲಿ ಬಾಗಿಲು ತೆರೆದಿರುವುದು ಕಂಡಿತು, ಇಲ್ಲದಿದ್ದರೆ ಮುಂದಿನದಕ್ಕೆ ಹೋಗುತ್ತಿದ್ದೆವು ಎಂದು ಆತ ಮೆಲ್ಲಗೆ ಹೇಳಿದ. ಒಳಗೆ ಬಂದ ಕೂಡಲೇ ಈ ದೊಡ್ಡವರು ಇಲ್ಲಿ ಹೇಗೆ ಕೂರಬೇಕೆಂದು ತೋರಿಸಿಕೊಟ್ಟರಂತೆ. ಒಂದು ಗಂಟೆಯಿಂದ ಹಾಗೇ ಇದ್ದರು. ಬಹಳ ಭಯಭಕ್ತಿಯ ಸಭೆ ಎಂದುಕೊಂಡಿದ್ದರು.

ಅಜ್ಜಿ ಅವರನ್ನು ನೋಡಿದಳು, ಬಾಗಿಲನ್ನು ನೋಡಿದಳು.

“ಎಷ್ಟೊತ್ಗೆ ತೆಗ್ದೆಲಾ ಮುನಿರಾಜ?”

“ಯಾವಾಗ್ಲೂ ತೆಗ್ಯೋ ಹೊತ್ಗೇನೆ ಅಜ್ಜಿ.”

ಅಜ್ಜಿ ತಲೆಯಾಡಿಸಿದಳು. ಹಿಂದಿನ ಸಾಲಿಗೆ ಹೋಗಿ ಕೂತು, ಶುರು ಮಾಡಿ ಎಂದು ಕೈಸನ್ನೆ ಮಾಡಿದಳು. ಜನ ತುಂಬಿಕೊಂಡರು. ಅಯ್ಯನವರು ಎರಡು ತೋಳನ್ನೂ ಪೂರ್ತಿ ಎತ್ತಿದರು. ಸ್ಯಾಮುವೇಲಣ್ಣ ಅವರ ಪಕ್ಕಕ್ಕೆ ಬಂದು ನಿಂತರು. ನಾನು ಯಾರೂ ಹೇಳುವ ಮೊದಲೇ ಹಿಂದಕ್ಕೆ ಸರಿದಿದ್ದೆ. ಡ್ರಮ್ಮಿನ ಮೊದಲ ಪೆಟ್ಟು ಆ ಹೊಸ ಸೂರಿಗೆ ಬಡಿದು ನಾಲ್ಕು ಗೋಡೆಯಿಂದ ತಿರುಗಿ ಬಂತು. ಡೆಂಕಣಿಕೋಟೆಯ ಆ ಹೆಂಗಸು ಬೆಚ್ಚಿಬಿದ್ದು, ಎರಡೂ ಕೈಯನ್ನು ಮಡಿಲಲ್ಲಿ ಅದುಮಿಕೊಂಡು, ಈಗ ಏನಾಗುತ್ತದೋ ಎಂದು ಬಾಗಿಲಿನ ಕಡೆ ತಿರುಗಿ ನೋಡಿದಳು.

“ಪರ್ವಾಗಿಲ್ಲ ಕಣಮ್ಮ,” ಎಂದರು ಮುನಿರಾಜಣ್ಣ. “ಇವತ್ತಿಂದ ಹೊಡ್ಯಾಕೆ ಬಿಟ್ಟಿವ್ನಿ.”